ಮಣ್ಣಿನ ಹೆಸರು ಹೊತ್ತ ಕೊಪ್ಪಲು

ಮೈಸೂರಿನ ಉತ್ತರಕ್ಕೆ, ಗೋಕುಲಂ ಹಾಗೂ ಹೆಬ್ಬಾಳುಗಳ ನೆರೆಯಲ್ಲಿರುವುದು ಕುಂಬಾರಕೊಪ್ಪಲು. ಒಂಟಿಕೊಪ್ಪಲು, ಮಂಚೇಗೌಡನಕೊಪ್ಪಲುಗಳಂತೆ ಇದೂ ಒಮ್ಮೆ ಊರ ಹೊರಗಣ ಹಳ್ಳಿ. ಬೆಳೆಯುತ್ತ ಬಂದ ನಗರವು ಇದನ್ನು ತನ್ನೊಳಗೆ ಸೇರಿಸಿಕೊಂಡಿತು. ಆದರೂ ಹೆಸರು ಉಳಿದಿದೆ. ಕೇಳಿದವರಿಗೆ ತಿಗರಿಯನ್ನೂ ಹಸಿ ಮಣ್ಣನ್ನೂ ನೆನಪಿಸುತ್ತಿದೆ.

ಮಣ್ಣಿಗೆ ರೂಪ ಕೊಡುವಂತೆ ಮನುಷ್ಯನು ತನಗೆ ತಾನೇ ರೂಪ ಕೊಟ್ಟುಕೊಳ್ಳಬಲ್ಲನೆ? ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಕವಿಗಳನ್ನು ಕಾಡಿದ ಪ್ರಶ್ನೆ ಇದೇ. ಆತ್ಮವಿಕಾಸಕ್ಕೆ ಅವರಿಟ್ಟ ಹೆಸರು ‘ಬಿಲ್ಡುಂಗ್’; ರೂಪಿಸುವುದೆಂಬ ಕ್ರಿಯೆಯಿಂದಲೇ ಹುಟ್ಟಿದ ಮಾತದು. ಗ್ರೀಕರ ಪುರಾಣದಲ್ಲಿ ಮಣ್ಣಿನಿಂದ ಮನುಷ್ಯರನ್ನು ಮಾಡಿದವನು ಪ್ರೊಮೀಥಿಯಸ್. 1785ರಲ್ಲಿ ಅಚ್ಚಾದ ಗಯಟೆಯ ಕವಿತೆಯಲ್ಲಿ ಅವನು ದೇವರಾಜನನ್ನೇ ಧಿಕ್ಕರಿಸುತ್ತಾನೆ. ಹತ್ತು ವರ್ಷಗಳ ತರುವಾಯ, ವಿಲ್ಹೆಲ್ಮ್ ಮೈಸ್ಟರನ ಕಾದಂಬರಿಯಲ್ಲಿ (1795–96), ಆ ಗರ್ವ ಮಣಿದಿದೆ. ವರ್ತಕನ ಮಗ ನಾಟಕದ ಹುಚ್ಚು ಹಿಡಿದು ಮನೆ ಬಿಡುತ್ತಾನೆ. ತಪ್ಪುಗಳಿಂದಲೂ ಪರರ ಸಂಗದಿಂದಲೂ ಪಕ್ವನಾಗುತ್ತಾನೆ. ಆ ಗ್ರಂಥದ ಶೀರ್ಷಿಕೆಯೂ ಕುಶಲಕರ್ಮಿಗಳಿಂದ ಬಂದದ್ದು: ಗುರುವಿನ ಬಳಿ ಕಸುಬು ಕಲಿಯುವ ವರ್ಷಗಳು ಎಂದು ಅದರ ಅರ್ಥ.

ಆವಿಗೆಯಲ್ಲಿಟ್ಟ ಮಡಕೆಗಳೆಲ್ಲ ಬಿರಿಯದೆ ಹೊರಬರುವುದಿಲ್ಲವಷ್ಟೆ. ಮಹಾಕವಿ ಹೋಲ್ಡರ್ಲಿನ್ ಬುದ್ಧಿಭ್ರಮಣೆಗೊಳಗಾಗಿ, 1807ರಿಂದ ಕೊನೆಯವರೆಗೆ, 36 ವರ್ಷಗಳ ಕಾಲ, ಟ್ಯೂಬಿಂಗೆನ್ ಪಟ್ಟಣದ ಬಡಗಿಯೊಬ್ಬನ ಮನೆಯಲ್ಲಿ ಆಶ್ರಯ ಪಡೆದನು. ಕವಿ ಅಲ್ಲಿದ್ದ ದಿನಗಳಲ್ಲೇ ಅದೇ ಪಟ್ಟಣದಲ್ಲಿ ಓದಿದ ಹರ್ಮನ್ ಮೊಗ್ಲಿಂಗ್, 1836ರಲ್ಲಿ ಮಂಗಳೂರಿಗೆ ಬಂದರು. 1843ರ ಜೂನ್‌ನಲ್ಲಿ ಕವಿ ತೀರಿಕೊಂಡನು. ಜುಲೈ ಒಂದರಂದು ಮೊಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಬಂದಿತು.

ಕನ್ನಡಿಗರಿಗೂ ಒಬ್ಬ ಕುಂಬಾರನುಂಟು. ಹರಿಹರನ ರಗಳೆಯ ಗುಂಡಯ್ಯನು ಮಡಕೆ ಬಡಿಯುವ ತಾಳಕ್ಕೆ ಶಿವನೇ ಕುಣಿಯುತ್ತಾನೆ. ಪ್ರೊಮೀಥಿಯಸ್ಸನಿಗೆ ಕಸುಬು ಸವಾಲು. ಗುಂಡಯ್ಯನಿಗೆ ಅದೇ ಪೂಜೆ. ಒಬ್ಬನು ‘ನಾನು’ ಎಂಬುದನ್ನು ಎತ್ತಿ ನಿಲ್ಲಿಸಿದರೆ, ಇನ್ನೊಬ್ಬನು ಅದನ್ನು ಮರೆತೇ ದೊಡ್ಡವನಾದನು.

ಕೊಪ್ಪಲಿನಿಂದ ಬಹುದೂರವಲ್ಲದ ‘ಉದಯರವಿ’ಯಲ್ಲಿ ಬಾಳಿದ ಕುವೆಂಪು ಬೇರೊಂದು ಎಚ್ಚರಿಕೆಯನ್ನಿತ್ತರು. ಮಗು ಹುಟ್ಟುವಾಗಲೇ ವಿಶ್ವಮಾನವ. ಜಾತಿ ಮತಗಳ ಅಚ್ಚಿಗೆ ಒತ್ತಿ ಅದನ್ನು ಅಲ್ಪಮಾನವನನ್ನಾಗಿ ಮಾಡುವವರು ನಾವೇ ಎಂದರು. ರೂಪಿಸುವ ಕೈ ಕೆಡಿಸಲೂಬಲ್ಲದು.

ಮಕ್ಕಳನ್ನು ಬೆಳೆಸುವ ಪ್ರತಿ ಮನೆಯಲ್ಲೂ ತಿರುಗುತ್ತಿರುವ ತಿಗರಿ ಇದೇ ಅಲ್ಲವೆ? ಕುಂಬಾರಕೊಪ್ಪಲಿನ ಹಾದಿಯಲ್ಲಿ ಸಾಗುವವರು ಆ ಹೆಸರಿನ ಮುಂದೆ ಒಂದು ಕ್ಷಣ ನಿಂತರೆ, ತಮ್ಮ ಕೈಗಳನ್ನೊಮ್ಮೆ ನೋಡಿಕೊಂಡಾರು.