ಹೊಸ ಕಾರಿನ ಸಣ್ಣ ಕಿರಿಕಿರಿಗಳು ಮತ್ತು ಬೀದಿಯ ಹಕ್ಕು

ಅನುಗ್ರಹಗಳು ಒಂಟಿಯಾಗಿ ಬರುವುದಿಲ್ಲ. ಸಣ್ಣಪುಟ್ಟ ತೊಡಕುಗಳನ್ನೂ ತಮ್ಮೊಂದಿಗೆ ಕರೆತರುತ್ತವೆ. ಮನೆ ಕಟ್ಟಿಸಿದವನಿಗೆ ಸೋರುವ ಮೂಲೆಯೊಂದು, ಹೊಲ ಕೊಂಡವನಿಗೆ ಬದುವಿನ ತಕರಾರೊಂದು, ಹೊಸ ಚಪ್ಪಲಿ ಮೆಟ್ಟಿದವನಿಗೆ ಹಿಮ್ಮಡಿಯ ಗುಳ್ಳೆಯಾದರೂ ಒಂದು ಸಿಕ್ಕೇ ಸಿಗುತ್ತದೆ. ದೊಡ್ಡ ಸಂಕಟ ಬಂದಾಗ ಮನುಷ್ಯನು ಕೈಯೆತ್ತಿ ಪ್ರಾರ್ಥಿಸುತ್ತಾನೆ. ಸಣ್ಣ ಕಿರಿಕಿರಿ ಬಂದಾಗ ಗೊಣಗುತ್ತಾನೆ. ಆ ಗೊಣಗಾಟಕ್ಕೂ ಕಿವಿಗೊಟ್ಟರೆ ಅದರೊಳಗೊಂದು ಪಾಠವಿರುತ್ತದೆ. ನಮ್ಮ ಮನೆಗೆ ಬಂದ ಹೊಸ ಕಾರಿನ ನೆವದಲ್ಲಿ ಅದನ್ನು ಓದುಗರೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ನಾವು ಗದಗ-ಬೆಟಗೇರಿಯವರು. ಮೂವರು ಅಣ್ಣತಮ್ಮಂದಿರು, ವೃದ್ಧ ತಾಯಿ, ಮಕ್ಕಳು ಕೂಡಿರುವ ಕುಟುಂಬ. ಬಡ್ಡಿಯ ಸಾಲಕ್ಕೆ ಹೋಗಬಾರದೆಂದು ನಿಶ್ಚಯಿಸಿ, ಹಲವು ವರ್ಷ ಕೂಡಿಟ್ಟ ಹಣದಿಂದ ಕಾರು ಕೊಂಡೆವು. ಅದು ಇಬ್ಬರೇ ಕೂರುವ ಅಪ್ಪಟ ಸ್ಪೋರ್ಟ್ಸ್ ಕಾರಲ್ಲ; ಆ ಜಾತಿಯ ಗುಣಗಳನ್ನು ಮೈಗೂಡಿಸಿಕೊಂಡ, ಐವರು ಕೂರಬಹುದಾದ ಸ್ಪೋರ್ಟ್ಸ್ ಮಾದರಿ. ತಗ್ಗಿದ ಮೈ, ಬಿಗಿಯಾದ ಸ್ಪ್ರಿಂಗು, ಅಗಲವಾದ ಟೈರು, ಹಿಂದಕ್ಕೆ ಬಾಗಿದ ಛಾವಣಿ. ಮನೆಯ ಕಿರಿಯನ ಬಹುಕಾಲದ ಆಸೆಯದು. ಮೈ ತಗ್ಗಿದಷ್ಟೂ ಭಾರ ನೆಲಕ್ಕೆ ಹತ್ತಿರವಾಗುವುದರಿಂದ ತಿರುವುಗಳಲ್ಲಿ ಕಾರು ವಾಲುವುದಿಲ್ಲ. ಸ್ಪ್ರಿಂಗು ಬಿಗಿಯಾದಷ್ಟೂ ವೇಗದಲ್ಲಿ ತೂಗಾಡುವುದಿಲ್ಲ. ಹುಬ್ಬಳ್ಳಿಯ ಹೆದ್ದಾರಿಯಲ್ಲಿ ಇವೆಲ್ಲ ಗುಣಗಳು. ಮನೆಯಿಂದ ಆ ಹೆದ್ದಾರಿಯನ್ನು ಮುಟ್ಟುವವರೆಗಿನ ದಾರಿಯಲ್ಲಿ ಇವೇ ಕಿರಿಕಿರಿಗಳು.

ಮೊದಲನೆಯದು ಹಂಪ್ಸ್. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ರಸ್ತೆಯ ಉಬ್ಬು 10 ಸೆಂಟಿಮೀಟರ್ ಎತ್ತರವಾಗಿ, 3.7 ಮೀಟರ್ ಅಗಲವಾಗಿ, ದುಂಡಗೆ ಹರಡಿಕೊಂಡಿರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಲೀಸಾಗಿ ದಾಟುವಂತಿರಬೇಕು. ಓಣಿಯ ಉಬ್ಬುಗಳು ಈ ಸೂಚಿಯನ್ನು ಓದಿ ಹುಟ್ಟಿದವಲ್ಲ. ಅವು ಕಿರಿದು, ಕಡಿದು, ಎತ್ತರ. ಪುಸ್ತಿಕೆಯಲ್ಲಿ ಅಚ್ಚಾಗಿರುವ ನೆಲದಂತರವು ಖಾಲಿ ಕಾರಿನದು. ಐವರು ಕುಳಿತಾಗ ಕಾರು ಇನ್ನಷ್ಟು ಕುಸಿಯುತ್ತದೆ. ಮುಂದಿನ ಚಕ್ರಗಳು ಉಬ್ಬನ್ನು ದಾಟಿ ಹಿಂದಿನವು ದಾಟುವ ಮೊದಲು, ಉಬ್ಬು ಸರಿಯಾಗಿ ಹೊಟ್ಟೆಯ ಕೆಳಗೆ ಬರುತ್ತದೆ. ಆಗ ಕೇಳುವ ಕರಕರ ಸದ್ದು ಕಾರಿನ ತಳಕ್ಕಿಂತ ಮಾಲೀಕನ ಎದೆಯನ್ನೇ ಹೆಚ್ಚು ಉಜ್ಜುತ್ತದೆ. ಓರೆಯಾಗಿ, ಒಂದೊಂದೇ ಚಕ್ರವನ್ನು ಹತ್ತಿಸಿ ದಾಟಿಸುವುದನ್ನು ಕಲಿತೆವು. ಕೆಲವು ಕಡೆ ಇಬ್ಬರು ಇಳಿದು, ಉಬ್ಬಿನಾಚೆ ನಡೆದು, ಮತ್ತೆ ಹತ್ತುವ ಪದ್ಧತಿಯೂ ಉಂಟು. ನೋಡಿದವರು ನಗುತ್ತಾರೆ, ನಾವೂ ನಗುತ್ತೇವೆ.

ಎರಡನೆಯದು ಟೈರು. ನಮ್ಮ ಕಾರಿನ ಟೈರಿನ ಮೇಲೆ 195/55 ಎಂದು ಬರೆದಿದೆ. ಅಗಲ 195 ಮಿಲಿಮೀಟರ್. ಪಕ್ಕದ ಗೋಡೆಯ ಎತ್ತರ ಅದರ ಶೇ. 55, ಅಂದರೆ ಸುಮಾರು 107 ಮಿಲಿಮೀಟರ್. ಸಾಮಾನ್ಯ 165/80 ಟೈರಿನಲ್ಲಿ ಈ ಗೋಡೆ 132 ಮಿಲಿಮೀಟರ್ ಇರುತ್ತದೆ. ರಬ್ಬರು ಕಡಿಮೆಯಾದಷ್ಟೂ ಗುಂಡಿಯ ಪೆಟ್ಟು ನೇರವಾಗಿ ಲೋಹದ ಚಕ್ರಕ್ಕೆ, ಅಲ್ಲಿಂದ ನಮ್ಮ ಸೊಂಟಕ್ಕೆ ತಲುಪುತ್ತದೆ. ಎರೆಭೂಮಿಯು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವ ನೆಲ. ಅದರ ಮೇಲೆ ಹಾಸಿದ ರಸ್ತೆಯೂ ಅದರೊಂದಿಗೆ ಅಲುಗುತ್ತದೆ. ಈ ನಾಡಿನ ಗುಂಡಿಗಳಿಗೆ ನೆಲದ ಸ್ವಭಾವವೂ ಒಂದು ಕಾರಣ.

ಮೂರನೆಯದು ಗಂಟೆಗಳ ಗದ್ದಲ. 2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ ಚಾಲಕನಿಗೂ ಪಕ್ಕದವನಿಗೂ ಸೀಟ್ ಬೆಲ್ಟ್ ನೆನಪಿಸುವ ಸದ್ದು, ವೇಗ 80 ಕಿಲೋಮೀಟರ್ ಮೀರಿದಾಗ ಆಗಾಗ ಹಾಗೂ 120 ಮೀರಿದಾಗ ಎಡೆಬಿಡದೆ ಕೂಗುವ ಎಚ್ಚರಿಕೆ, ಹಿಂದಕ್ಕೆ ತೆಗೆಯುವಾಗ ಅಡ್ಡಿಯನ್ನು ಗುರುತಿಸುವ ಸಂವೇದಕ ಕಡ್ಡಾಯವಾಗಿವೆ. ಪ್ರಾಣ ಉಳಿಸುವ ವ್ಯವಸ್ಥೆಗಳಿವು. ಆದರೆ ಸೀಟಿನೊಳಗಿನ ಯಂತ್ರಕ್ಕೆ ತಿಳಿಯುವುದು ಭಾರ ಮಾತ್ರ, ಮನುಷ್ಯನಲ್ಲ. ಸಂತೆಯಿಂದ ತಂದ ಉಳ್ಳಾಗಡ್ಡಿಯ ಚೀಲವನ್ನು ಮುಂದಿನ ಸೀಟಿನಲ್ಲಿಟ್ಟರೆ, ಚೀಲಕ್ಕೆ ಬೆಲ್ಟು ಕಟ್ಟುವವರೆಗೂ ಕಾರು ಬಿಡುವುದಿಲ್ಲ. ಉಳ್ಳಾಗಡ್ಡಿಗೆ ಬೆಲ್ಟು ಬಿಗಿದು ಮನೆ ಸೇರಿದ ದಿನ ಮಕ್ಕಳಿಗೆ ಹಬ್ಬವಾಯಿತು.

ನಾಲ್ಕನೆಯದು ಹಾಸ್ಯದ ಮಾತಲ್ಲ. ನಮ್ಮ ತಾಯಿಯವರಿಗೆ ಮಂಡಿನೋವು. ಅವರನ್ನು ಬಸ್ಸಿನ ಮೆಟ್ಟಿಲುಗಳಿಂದ ಪಾರು ಮಾಡುವುದೂ ಕಾರು ಕೊಳ್ಳುವುದರ ಉದ್ದೇಶಗಳಲ್ಲೊಂದಾಗಿತ್ತು. ಬಸ್ಸಿಗೆ ಹತ್ತಬೇಕು, ಈ ಕಾರಿಗೆ ಇಳಿಯಬೇಕು. ಸೀಟು ಮೊಣಕಾಲಿಗಿಂತ ಕೆಳಗಿದ್ದು, ಕೂತವರು ಏಳಲು ಪೂರ್ತಿ ಭಾರವನ್ನು ಮಂಡಿಯ ಮೇಲೆಯೇ ಹೊರಬೇಕು. ಅದರ ಮೇಲೆ ಹೊಸ ಕಾರಿನ ವಾಸನೆ. ಪ್ಲಾಸ್ಟಿಕ್ಕು, ಅಂಟು, ಹೊದಿಕೆಗಳು ಬಿಸಿಲಿಗೆ ಕಾದು ಹೊರಬಿಡುವ ಆವಿಯದು. ಮಕ್ಕಳು ಅದನ್ನು ಮೂಗರಳಿಸಿ ಹೀರುತ್ತಾರೆ, ತಾಯಿಯವರಿಗೆ ಓಕರಿಕೆ. ಇವುಗಳಿಗೆ ಪರಿಹಾರ ದೊರೆತದ್ದು ಮನೆಯಲ್ಲಿಯೇ. ಹೊರಡುವ ಮುನ್ನ ನಾಲ್ಕೂ ಬಾಗಿಲು ತೆರೆದು ಗಾಳಿಯಾಡಿಸುತ್ತೇವೆ. ಹಳೆಯ ಸೀರೆಗಳಿಂದ ತಾಯಿಯವರೇ ಹೊಲಿದ ಕೌದಿಯೊಂದನ್ನು ಗಟ್ಟಿಯಾಗಿ ಮಡಚಿ ಸೀಟಿನ ಮೇಲೆ ಹಾಸುತ್ತೇವೆ. ಅವರು ಮೊದಲು ಹೊರಮುಖವಾಗಿ ಕುಳಿತು, ಅನಂತರ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತರುತ್ತಾರೆ. ಲಕ್ಷಗಟ್ಟಲೆ ಬೆಲೆಯ ಸೀಟಿಗೆ ಕೌದಿಯ ಆಸರೆ ಬೇಕಾಯಿತು.

ಐದನೆಯದು ಮುಂಡರಗಿಯ ದಾರಿಯದು. ಸುಗ್ಗಿಯ ಕಾಲದಲ್ಲಿ ಆ ಕಡೆಯ ರಸ್ತೆಗಳ ಮೇಲೆ ರೈತರು ಹುರಳಿ, ಜೋಳ ಮೊದಲಾದ ಬೆಳೆಗಳನ್ನು ಹರಡುತ್ತಾರೆ. ಒಂದು ಕಾಲಕ್ಕೆ ಕಣ ಮಾಡಿ, ಸಗಣಿ ಸಾರಿಸಿ, ಮೇಟಿ ನೆಟ್ಟು, ಎತ್ತುಗಳ ಹಂತಿ ಕಟ್ಟುತ್ತಿದ್ದರು. ಇಂದು ಎತ್ತುಗಳಿಲ್ಲ, ಆಳುಗಳು ಸಿಗುವುದಿಲ್ಲ, ಯಂತ್ರದ ಬಾಡಿಗೆ ಎಲ್ಲರಿಗೂ ಎಟಕುವುದಿಲ್ಲ. ಹಾದುಹೋಗುವ ವಾಹನಗಳೇ ಹಂತಿಯ ಎತ್ತುಗಳು. ಎತ್ತರದ ಲಾರಿಗೆ ಇದು ಲೆಕ್ಕಕ್ಕಿಲ್ಲ. ತಗ್ಗಿದ ಕಾರಿನ ತಳಕ್ಕೆ ಹುರಳಿಯ ಬಳ್ಳಿ ಸುತ್ತಿಕೊಳ್ಳುತ್ತದೆ. ಅಲ್ಲಿ ಹೊಗೆ ಶುದ್ಧಿ ಮಾಡುವ ಕನ್ವರ್ಟರ್ ನೂರಾರು ಡಿಗ್ರಿ ಕಾದಿರುತ್ತದೆ. ಒಣ ಹೊಟ್ಟು ಅದಕ್ಕೆ ತಗುಲಿ ನಿಂತರೆ ಬೆಂಕಿ ಹತ್ತಬಹುದು. ಆದುದರಿಂದ ಅಂಥ ರಾಶಿ ದಾಟಿದ ಮೇಲೆ ಖಾಲಿ ರಸ್ತೆಯಲ್ಲಿ ನಿಂತು, ಬಾಗಿ, ತಳವನ್ನು ನೋಡಿ, ಸಿಕ್ಕಿಕೊಂಡದ್ದನ್ನು ಕೋಲಿನಿಂದ ಕಿತ್ತು ಮುಂದೆ ಸಾಗುತ್ತೇವೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಕೆಳಗೆ ನಾವು ಮೊಣಕಾಲೂರಿ ಕಾರಿನ ಹೊಟ್ಟೆಯನ್ನು ಪರೀಕ್ಷಿಸುತ್ತಿರುತ್ತೇವೆ.

ಇನ್ನುಳಿದವು ಚಿಲ್ಲರೆ. ಕಪ್ಪು ಬಣ್ಣದ ಮೇಲೆ ಧೂಳು ಅರ್ಧ ಗಂಟೆಯಲ್ಲಿ ಕೂರುತ್ತದೆ. ಶಿರಹಟ್ಟಿಯ ಫಕೀರೇಶ್ವರ ಮಠದ ಬಳಿ ಐದು ನಿಮಿಷ ನಿಂತರೆ ಐವರು ಸುತ್ತುವರಿದು, ಬೆಲೆ ಎಷ್ಟು, ಲೀಟರಿಗೆ ಎಷ್ಟು ಓಡುತ್ತದೆ ಎಂದು ಕೇಳುತ್ತಾರೆ. ಬೆಲೆ ಹೇಳಿದರೆ ಬೀಗಿದಂತೆ, ಹೇಳದಿದ್ದರೆ ಬಚ್ಚಿಟ್ಟಂತೆ.

ಪ್ರಿಯ ಓದುಗರೇ, ಇಷ್ಟೆಲ್ಲವೂ ಕಾರಿನೊಳಗೆ ಕುಳಿತವರ ಪಟ್ಟಿ. ಅದೇ ಕಾರು ಹಾದುಹೋಗುವಾಗ ಹೊರಗೆ ನಿಂತವರ ಪಟ್ಟಿಯೂ ಒಂದಿದೆ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಕಾರು ಕೂಗುತ್ತದೆ. ಬೆಲ್ಟು ಮರೆತರೆ ಕೂಗುತ್ತದೆ. ಇಂಧನ ಇಳಿದರೆ ಕೂಗುತ್ತದೆ. ಆದರೆ ನಿಂತ ಮಳೆನೀರು ಶಾಲೆಗೆ ಹೊರಟ ಹುಡುಗಿಯ ಬಟ್ಟೆಯ ಮೇಲೆ ಸಿಡಿದರೆ ಅದು ಕೂಗುವುದಿಲ್ಲ. ಧೂಳು ಮಿರ್ಚಿ-ಭಜಿಯ ಬಂಡಿಯನ್ನು ಮುಚ್ಚಿದರೆ ಕೂಗುವುದಿಲ್ಲ. ಪರರ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿದರೆ ಕೂಗುವುದಿಲ್ಲ. ಹೊರಗಿನವರಿಗಾಗಿ ಎಚ್ಚರಿಸುವ ಗಂಟೆಯನ್ನು ನಮ್ಮ ಎದೆಯಲ್ಲಿಯೇ ಕಟ್ಟಿಕೊಳ್ಳಬೇಕು.

ಪವಿತ್ರ ಕುರ್‌ಆನಿನಲ್ಲಿ ಲುಕ್ಮಾನರು ತಮ್ಮ ಮಗನಿಗೆ ನೀಡುವ ಉಪದೇಶವನ್ನು ನಾವೆಲ್ಲರೂ ಬಲ್ಲೆವು. ನಡಿಗೆಯಲ್ಲಿ ಬೀಗಬಾರದು, ಮಿತವಾಗಿರಬೇಕು, ಧ್ವನಿಯನ್ನು ತಗ್ಗಿಸಬೇಕು ಎಂಬುದು ಅದರ ಆಶಯ. ಕಾರಿನಲ್ಲಿ ಕುಳಿತವನಿಗೆ ಚಕ್ರವೇ ನಡಿಗೆ, ಹಾರ್ನೇ ಧ್ವನಿ. ಲಕ್ಷ್ಮೇಶ್ವರದ ಜುಮ್ಮಾ ಮಸೀದಿ ಆದಿಲ್‌ಶಾಹಿ ಆಳ್ವಿಕೆಯ ಕಾಲದ್ದು, 1617ರದ್ದು. ಹಳೆಯ ಪೇಟೆಯ ಓಣಿಗಳು ಹೆಜ್ಜೆಯ ಅಳತೆಗೆ ಹುಟ್ಟಿದವು, ಕಾರಿನ ಅಳತೆಗಲ್ಲ. ಶುಕ್ರವಾರ ಅಲ್ಲಿಗೆ ಹೋದಾಗ ಕಾರನ್ನು ದೂರದ ಬಯಲಿನಲ್ಲಿ ನಿಲ್ಲಿಸಿ ನಡೆದು ಬರುತ್ತೇವೆ. ಅದೂ ಒಂದು ಕಿರಿಕಿರಿಯೇ. ಆದರೆ ನಮ್ಮದಾಗಿ ಉಳಿಯುತ್ತದೆ, ಓಣಿಯವರ ತಲೆಗೆ ಹೋಗುವುದಿಲ್ಲ. ಹಂಪ್ಸಿನ ಮಾತೂ ಅಷ್ಟೇ. ಅಳತೆ ತಪ್ಪಿದ ಆ ದಿಬ್ಬವು ಬೀದಿಯವರು ಡಾಂಬರಿನಲ್ಲಿ ಬರೆದ ಅರ್ಜಿ: ಇಲ್ಲಿ ನಮ್ಮ ಮಕ್ಕಳು ಆಡುತ್ತಾರೆ, ನಿಧಾನವಾಗಿ ಹೋಗಿರಿ.

ಒಂದು ರಾತ್ರಿ ನೆರೆಯ ನೇಕಾರರ ಮನೆಯ ಸೊಸೆಗೆ ಹೆರಿಗೆನೋವು ಕಾಣಿಸಿತು. ಅವರ ಮನೆಯವರು ಬಾಗಿಲು ತಟ್ಟಿದರು. ಕೌದಿಯನ್ನು ಹಿಂದಿನ ಸೀಟಿಗೆ ಹಾಸಿ, ಆಕೆಯನ್ನು ಮಲಗಿಸಿ, ಆಸ್ಪತ್ರೆಯ ಕಡೆಗೆ ಹೊರಟೆವು. ಅದೇ ಓಣಿ, ಅವೇ ಉಬ್ಬುಗಳು, ಅದೇ ಬಿಗಿ ಸ್ಪ್ರಿಂಗು. ಪ್ರತಿ ಉಬ್ಬಿಗೂ ಹಿಂದಿನಿಂದ ನರಳಾಟ ಕೇಳುತ್ತಿತ್ತು. ತಳ ಉಜ್ಜಿತೋ ಇಲ್ಲವೋ ನಮಗೆ ಕೇಳಿಸಲಿಲ್ಲ. ಮುಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಹಿಂದಿರುಗಿ ಕುಳಿತಿದ್ದ ಅತ್ತೆಗಾಗಿ ಗಂಟೆ ಬಡಿಯುತ್ತಲೇ ಇತ್ತು. ಆಕೆ ಸೊಸೆಯ ಕೈ ಬಿಡಲಿಲ್ಲ. ನಡಿಗೆಯ ವೇಗದಲ್ಲಿ ಉಬ್ಬುಗಳನ್ನು ದಾಟಿ, ಬಯಲು ರಸ್ತೆಯಲ್ಲಿ ವೇಗ ಹಿಡಿದು ತಲುಪಿದೆವು. ಬೆಳಗಿನ ನಮಾಝಿನ ಹೊತ್ತಿಗೆ ಗಂಡುಮಗುವಿನ ಸುದ್ದಿ ಬಂತು. ಎಲ್ಲ ಸ್ತುತಿ ಅಲ್ಲಾಹನಿಗೆ.

ಸ್ವಂತ ಬಳಕೆಯ ವಾಹನದ ಮೇಲೆ ಝಕಾತ್ ಇಲ್ಲ. ಹಾಗೆಂದು ಅದರಲ್ಲಿ ಪರರಿಗೆ ಪಾಲಿಲ್ಲವೆಂದಲ್ಲ. ನಿತ್ಯದ ಬಳಕೆಯ ಸಣ್ಣ ವಸ್ತುಗಳನ್ನೂ ಪರರಿಗೆ ಕೊಡಲೊಲ್ಲದವರನ್ನು ಸೂರಃ ಅಲ್‌ಮಾಊನ್ ಎಷ್ಟು ಕಠಿಣವಾಗಿ ಎಚ್ಚರಿಸುತ್ತದೆಯೆಂಬುದನ್ನು ನೆನೆದರೆ ಸಾಕು. ಅಂದಿನ ಪಾತ್ರೆ, ಕೊಡಲಿಗಳ ಸ್ಥಾನದಲ್ಲಿ ಇಂದು ಮಧ್ಯರಾತ್ರಿಯ ಕಾರೂ ನಿಂತಿದೆ.

ಹೊಸ ಕಾರು ಕೊಳ್ಳಲು ಹೊರಟಿರುವ ಕುಟುಂಬಗಳಿಗೆ ನಮ್ಮ ಸಲಹೆ ಸರಳವಾದುದು. ಮಳಿಗೆಗೆ ಹೋಗುವಾಗ ಮನೆಯ ಹಿರಿಯರನ್ನು ಕರೆದೊಯ್ಯಿರಿ. ಅವರು ಕುಳಿತು, ಎದ್ದು ನೋಡಲಿ. ಐವರು ಕುಳಿತ ಕಾರನ್ನು ನಿಮ್ಮ ಓಣಿಯ ಅತ್ಯಂತ ಎತ್ತರದ ಉಬ್ಬಿನ ಮೇಲೆ ಒಮ್ಮೆ ದಾಟಿಸಿ ನೋಡಿರಿ. ಹೆಚ್ಚುವರಿ ಚಕ್ರವಿದೆಯೇ, ಅಥವಾ ಪಂಕ್ಚರ್ ತುಂಬುವ ಡಬ್ಬಿ ಮಾತ್ರವೇ ಎಂದು ಡಿಕ್ಕಿ ತೆರೆದು ಖಚಿತಪಡಿಸಿಕೊಳ್ಳಿರಿ. ಅನಂತರ ಯಾವ ಕಾರನ್ನೇ ಕೊಂಡರೂ ಸವಾರಿಯ ದುಆ ಓದಿ ಹೊರಡಿರಿ. ವಾಹನವನ್ನು ನಮಗೆ ಅಧೀನಗೊಳಿಸಿದವನು ಅಲ್ಲಾಹನೆಂದೂ, ಕೊನೆಗೆ ಅವನೆಡೆಗೇ ಮರಳಬೇಕೆಂದೂ ಒಪ್ಪಿಕೊಂಡವನು ಓಣಿಯಲ್ಲಿ ಹಾರ್ನ್ ಒತ್ತುವ ಮುನ್ನ ಒಮ್ಮೆ ಯೋಚಿಸುತ್ತಾನೆ.