ಐದನೆಯ ಗುಂಡು

ಪೆನ್ಸಿಲ್ವೇನಿಯಾದಲ್ಲಿ ಮಗಳ ಮನೆಯ ಪಕ್ಕದ ಯಜಮಾನರು ಮಾತಿಗೆ ಸಿಗುವುದು ಗ್ಯಾರೇಜಿನಲ್ಲೇ. ಅಲ್ಲಿ ಕಾರಿಗೆ ಜಾಗವಿಲ್ಲ. ರೈಫಲ್ಲಿನ ತೋಟಾಗಳನ್ನು ಕೈಯಾರೆ ತುಂಬುವ ಪ್ರೆಸ್ಸು, ತಕ್ಕಡಿ, ಕ್ಯಾಲಿಪರ್, ಚೀಟಿ ಅಂಟಿಸಿದ ಡಬ್ಬಿಗಳು. ಅಂಗಡಿಯ ತೋಟಾ ಎಂದರೆ ಮುಖ ಸಿಂಡರಿಸುತ್ತಾರೆ. ಬೇಟೆ ಬಿಟ್ಟು ಯಾವ ಕಾಲವಾಯಿತೋ. ಈಗಿನ ಆಸೆಯೆಲ್ಲ ನೂರು ಗಜದಾಚೆಯ ಕಾಗದದಲ್ಲಿ ಐದು ಗುಂಡೂ ಒಂದೇ ತೂತಿನಲ್ಲಿ ಹಾಯಬೇಕೆಂಬುದು.

ಮದ್ದಿನ ತೂಕ ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಅದರ ಹತ್ತನೇ ಒಂದು ಪಾಲು ಆಚೀಚೆಯಾದರೂ ಹುಬ್ಬು ಗಂಟಿಕ್ಕುತ್ತದೆ. ಫ್ಯಾನು ಆರಿಸಬೇಕು, ಬಾಗಿಲು ಹಾಕಬೇಕು, ನಾನು ಉಸಿರನ್ನು ಬೇರೆ ಕಡೆಗೆ ಬಿಡಬೇಕು. ಇಷ್ಟಾದ ಮೇಲೂ ನಾಲ್ಕು ಗುಂಡು ಒಟ್ಟಿಗೆ ಹೋಗಿ, ಐದನೆಯದು ಯಾರ ಹಂಗೂ ಇಲ್ಲದೆ ಪಕ್ಕಕ್ಕೆ ಸರಿಯುತ್ತದೆ. ‘ಗಾಳಿ’ ಎನ್ನುತ್ತಾರೆ. ಒಂದೆಲೆಯೂ ಅಲ್ಲಾಡಿರುವುದಿಲ್ಲ. ‘ಗಾಳಿಯೇ ಇರಬೇಕು’ ಎನ್ನುತ್ತೇನೆ. ನೆರೆಹೊರೆಯಲ್ಲಿ ಅಷ್ಟು ದಾಕ್ಷಿಣ್ಯ ಬೇಡವೇ?

ಅವರ ಆರಾಧ್ಯದೈವ ಮ್ಯಾಸಚೂಸೆಟ್ಸಿನ ಡಾ. ಫ್ರಾಂಕ್ಲಿನ್ ಮ್ಯಾನ್. ವೈದ್ಯಕೀಯ ಓದಿದವರು, ಕೋಳಿ ಮೇವಿಗೆ ಮೂಳೆ ಕತ್ತರಿಸುವ ಯಂತ್ರ ಮಾಡಿ ದುಡ್ಡು ಕಂಡವರು. ಆ ದುಡ್ಡನ್ನೂ ಆಯುಷ್ಯವನ್ನೂ ಸುರಿದದ್ದು ಒಂದೇ ಪ್ರಶ್ನೆಗೆ: ಒಂದೇ ಕಡೆ ಹಿಡಿದ ಬಂದೂಕಿನ ಗುಂಡುಗಳು ಒಂದೇ ಕಡೆ ಯಾಕೆ ಹೋಗುವುದಿಲ್ಲ? ಕೈಯನ್ನು ನಂಬದೆ ನಳಿಕೆಯನ್ನು ಕಾಂಕ್ರೀಟಿನ ಮೇಲೆ ಕೂರಿಸಿ, ಅದನ್ನು ಜಿಬ್ರಾಲ್ಟರ್ ಎಂದು ಕರೆದರು. ಗುಂಡುಗಳು ಆಗಲೂ ಚದುರಿದವು. ದಶಕಗಳ ಪರೀಕ್ಷೆ 1909ರಲ್ಲಿ ಪುಸ್ತಕವಾಯಿತು. ಗುಂಡಿನ ತುದಿ ನಜ್ಜಾದರೂ ನಡೆದೀತು, ಬುಡ ಓರೆಯಾದರೆ ಗುರಿ ಹೋಯಿತೆಂದೇ ತಿಳಿಯಿರಿ ಎಂಬುದು ಅವರು ಕಂಡುಕೊಂಡ ಸತ್ಯಗಳಲ್ಲೊಂದು.

ನನ್ನ ಮನಸ್ಸು ನಿಂತದ್ದು ಹಿತ್ತಾಳೆಯಲ್ಲಿ. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆ ಕವಚ ಆ ಬಂದೂಕಿನಲ್ಲಿ ತಾನು ಕೂರುವ ಗೂಡಿನ ಆಕಾರಕ್ಕೇ ಉಬ್ಬಿಬಿಡುತ್ತದೆ. ಒಂದೇ ಅಳತೆಯವೆಂದು ಮಾರುವ ಬಂದೂಕುಗಳ ಗೂಡುಗಳಲ್ಲೂ ಕೂದಲೆಳೆಯ ಅಂತರವಿರುತ್ತದೆ. ಒಂದರಲ್ಲಿ ಉಬ್ಬಿದ್ದು ಇನ್ನೊಂದರಲ್ಲಿ ಬಿಗಿಯಾದೀತು. ಬಳಸಿದಷ್ಟೂ ಕವಚದ ಕತ್ತು ಗಡುಸಾಗಿ ಗುಂಡನ್ನು ಹಿಡಿಯುವ ಹದ ತಪ್ಪುತ್ತದೆ. ಆಗ ಕತ್ತಿಗಷ್ಟೇ ಬೆಂಕಿ ತೋರಿಸಿ ಮೆತ್ತಗೆ ಮಾಡುತ್ತಾರೆ.

ಮೇಲಿನ ಹಲಗೆಯಲ್ಲೊಂದು ಹಸಿರು ಡಬ್ಬಿ. ಅದರಲ್ಲಿರುವುದು ತೀರಿಕೊಂಡ ಹೆಂಡತಿಯ ರೈಫಲ್ಲಿನಲ್ಲಿ ಉಬ್ಬಿದ ಕವಚಗಳು. ‘ನನಗಿಂತ ಅವಳ ಗುರಿಯೇ ಚೆನ್ನಾಗಿತ್ತು’ ಎಂದರು. ರೈಫಲ್ ಮೊಮ್ಮಗನ ಪಾಲಾಗಿದೆ. ಡಬ್ಬಿ ಮಾತ್ರ ಹೋಗಿಲ್ಲ.

‘ಅಚ್ಚಿಗೆ ಹಾಕಿ ಒತ್ತಿದರೆ ನಿಮ್ಮ ರೈಫಲ್ಲಿಗೂ ಆಗುತ್ತವಲ್ಲ?’ ಎಂದೆ, ಹೊಸದಾಗಿ ಕಲಿತವನ ಉತ್ಸಾಹದಲ್ಲಿ.

‘ಆಗುವುದಿಲ್ಲ. ಅವುಗಳ ತೂಕ ಒಂದೇ ಸಮ ಇಲ್ಲ’ ಎಂದು ತಕ್ಕಡಿ ಒರೆಸತೊಡಗಿದರು.

ಹಸಿರು ಡಬ್ಬಿಯ ಚೀಟಿಯಲ್ಲಿ ಅವರದೇ ಕೈಬರಹ: ತೂಕದ ವ್ಯತ್ಯಾಸ ಅರ್ಧ ಗ್ರೇನ್. ದಿನಾ ಬಳಸುವ ಡಬ್ಬಿಯ ಮೇಲೆ ಒಂದೂವರೆ. ಎರಡನ್ನೂ ಓದಿಕೊಂಡು, ‘ಹೌದು, ತೂಕ ಸಮ ಇಲ್ಲದಿದ್ದರೆ ಕಷ್ಟ’ ಎಂದೆ.