ಕ್ಯಾಮರಾನ್ ಸಾಹೇಬರ ಕಾಯಿ

ಯುಗಾದಿಗೆ ಮುಂಚೆ ಅಡುಗೆಮನೆ ತೊಳೆಯುವ ಕೆಲಸ ಈ ಬರಹಗಾರನ ಪಾಲಿಗೆ ಬಂದದ್ದು ನಿವೃತ್ತಿಯಾದ ಮೇಲೆ. ಅದಕ್ಕೆ ಮೊದಲು ಹಬ್ಬದ ಹಿಂದಿನ ದಿನವೇ ಆಫೀಸಿನಲ್ಲಿ ಅರ್ಜೆಂಟು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಈಗ ಆ ಅನುಕೂಲವಿಲ್ಲ. ಹನುಮಂತನಗರದ ಹಳೆಯ ಮನೆ. ಕಟ್ಟೆಯ ಕೆಳಗಿನ ಈರುಳ್ಳಿ ಬುಟ್ಟಿ ಎಳೆದಾಗ, ಅದರ ಹಿಂದೆ ಗೋಡೆಗೊರಗಿ ಕೂತಿತ್ತು ಒಂದು ಸೀಮೆಬದನೆಕಾಯಿ. ಯಾವಾಗ ತಂದದ್ದೋ ಬಲ್ಲವರಿಲ್ಲ. ಹಲ್ಲಿಲ್ಲದ ಅಜ್ಜನ ಬಾಯಿಯಂಥ ಅದರ ಸೀಳಿನಿಂದ ಗೇಣುದ್ದದ ಕುಡಿಯೊಂದು ಹೊರಟು, ಕಿಟಕಿಯ ಬೆಳಕಿನ ಕಡೆಗೆ ತಿರುಗಿ, ಬುಟ್ಟಿಯ ಬಿದಿರನ್ನು ಆಗಲೇ ಒಂದು ಸುತ್ತು ಸುತ್ತಿಕೊಂಡಿತ್ತು. ಮಣ್ಣಿಲ್ಲ, ನೀರಿಲ್ಲ, ಹೇಳುವವರು ಕೇಳುವವರಿಲ್ಲ. ಆದರೂ ಸಂಸಾರ ಶುರು ಮಾಡಿಬಿಟ್ಟಿದೆ.

ಕಸದ ಗಾಡಿಯ ಹಾಡು ಬೀದಿಯ ತುದಿಯಲ್ಲಿ ಕೇಳುತ್ತಿತ್ತು. ಹಸಿಕಸದ ಬಕೆಟ್ಟಿಗೆ ಹಾಕಲು ಹೊರಟವನನ್ನು ಅಮ್ಮ ತಡೆದರು.

"ಎಸೀಬೇಡ್ವೋ, ಬಸುರಿ ಕಾಯಿ ಅದು. ಮೇಲೆ ತಗೊಂಡ್ಹೋಗಿ ಮಣ್ಣಿಗೆ ಹಾಕು."

ಸಸ್ಯಶಾಸ್ತ್ರಜ್ಞರೂ ಹೆಚ್ಚುಕಡಿಮೆ ಅಮ್ಮನ ಮಾತನ್ನೇ ಹೇಳುತ್ತಾರೆ. ಕುಂಬಳ, ಸೋರೆ, ಹೀರೆ, ಸೌತೆ, ಹಾಗಲ, ಇವೆಲ್ಲ ಒಂದೇ ವಂಶ. ಹೊಟ್ಟೆ ತುಂಬ ಬೀಜ. ಅದೇ ವಂಶದ ಸೀಮೆಬದನೆಗೆ ಮಾತ್ರ ಇರುವುದು ಒಂದೇ ಬೀಜ. ಚಪ್ಪಟೆ, ಮೆತ್ತಗೆ, ಮೇಲೆ ಗಟ್ಟಿ ಚಿಪ್ಪೂ ಇಲ್ಲ. ಅದನ್ನು ತಿರುಳಿನಿಂದ ಬಿಡಿಸಿ, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಗಂಟು ಕಟ್ಟಿಡುವ ಹಾಗಿಲ್ಲ. ಒಣಗಿದರೆ ಸತ್ತಿತು. ಕಾಯಿಯ ಒಳಗೇ ಮೊಳೆತು, ಕಾಯಿಯನ್ನೇ ತಿಂದು ಬೆಳೆದು, ಬಾಯಿ ತೆರೆದು ಹೊರಗೆ ಬರುವುದು ಅದರ ಪದ್ಧತಿ. ಹಾಗಾಗಿ ಇದನ್ನು ನೆಡುವವರು ಇಡೀ ಕಾಯಿಯನ್ನೇ ನೆಡಬೇಕು.

ಇದೊಂದು ಸಣ್ಣ ವಿವರ. ಆದರೆ ಯುಗಾದಿಯ ಕೆಲಸವನ್ನು ಅರ್ಧಕ್ಕೆ ಬಿಟ್ಟು ತಾರಸಿಯ ಮೆಟ್ಟಿಲ ಮೇಲೆ ಕೂತವನ ತಲೆಯಲ್ಲಿ ಅದು ದೊಡ್ಡದಾಗುತ್ತಾ ಹೋಯಿತು.

ಹತ್ತೊಂಬತ್ತನೆಯ ಶತಮಾನದ ಸಸ್ಯೋದ್ಯಾನಗಳ ವ್ಯವಹಾರ ನಡೆದದ್ದೇ ಬೀಜದ ಪೊಟ್ಟಣಗಳ ಮೇಲೆ. ಲಂಡನ್ ಬಳಿಯ ಕ್ಯೂ ಉದ್ಯಾನ, ಕಲ್ಕತ್ತ, ಸಿಲೋನಿನ ಪೆರಾದೆನಿಯ, ನಮ್ಮ ಲಾಲ್‌ಬಾಗು ಒಂದಕ್ಕೊಂದು ಬೀಜ ಕಳಿಸಿಕೊಳ್ಳುತ್ತಿದ್ದವು. ಪೊಟ್ಟಣಕ್ಕೆ ಒಗ್ಗದ ಹಟಮಾರಿ ಬೀಜಗಳೂ ಇದ್ದವು. ರಬ್ಬರಿನ ಕತೆ ಗೊತ್ತಿರುವುದೇ: 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲಿನಿಂದ ಕ್ಯೂಗೆ ಸುಮಾರು 70,000 ಬೀಜ ಸಾಗಿಸಿದರೆ ಮೊಳೆತವು ಮೂರು ಸಾವಿರವೂ ಇಲ್ಲ. ಆ ಸಸಿಗಳನ್ನು ಸಿಲೋನಿಗೆ ಕಳಿಸಿದ್ದು ವಾರ್ಡ್ ಪೆಟ್ಟಿಗೆಯಲ್ಲಿ. ನತಾನಿಯಲ್ ವಾರ್ಡ್ ಲಂಡನ್ನಿನ ಒಬ್ಬ ವೈದ್ಯ. ಮುಚ್ಚಿದ ಗಾಜಿನೊಳಗೆ ಗಿಡ ತಾನು ಬಿಟ್ಟ ತೇವವನ್ನೇ ಮತ್ತೆ ಕುಡಿದು ಬದುಕುತ್ತದೆಂದು ಕಂಡುಕೊಂಡು 1830ರ ದಶಕದಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ಹಡಗಿನಲ್ಲಿ ಗಿಡ ಕಳಿಸಿದ. ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಗಿಡಗಳನ್ನು ಹಿಮಾಲಯಕ್ಕೆ ದಾಟಿಸಿದ್ದೂ ಇಂಥ ಪೆಟ್ಟಿಗೆಯಲ್ಲೇ.

ಸೀಮೆಬದನೆಗೆ ಈ ಸಂಭ್ರಮವೇನೂ ಬೇಡ. ಅದರ ಪೆಟ್ಟಿಗೆ ಅದರ ಮೈಯೇ. ನೀರು, ಬುತ್ತಿ, ಪ್ರಯಾಣಿಕ ಎಲ್ಲ ಒಳಗೇ ಇದ್ದಾರೆ. ಮೆಕ್ಸಿಕೊದ ತಂಪು ಬೆಟ್ಟಗಳಲ್ಲಿ ಅಜ್ಟೆಕ್ ಜನ ಬೆಳೆದು ತಿನ್ನುತ್ತಿದ್ದ ಕಾಯಿ ಸ್ಪೇನಿನವರು ಬಂದ ಮೇಲೆ ಮನೆ ಬಿಟ್ಟಿತು. 1756ರ ಹೊತ್ತಿಗೆ ಪ್ಯಾಟ್ರಿಕ್ ಬ್ರೌನ್ ಅದನ್ನು ಜಮೈಕಾದ ಗಿಡಗಳ ಪುಸ್ತಕದಲ್ಲಿ ಬರೆದಿದ್ದಾನೆ. ಮುಂದೆ ಆಸ್ಟ್ರೇಲಿಯಾಕ್ಕೂ ಹೋಯಿತು. ಅಲ್ಲಿನ ಹಿತ್ತಲುಗಳಲ್ಲಿ ಪಾಯಿಖಾನೆಯ ಗೂಡಿನ ಮೇಲೆಲ್ಲ ಹಬ್ಬಿ, ಮರ್ಯಾದೆ ಕಳೆದುಕೊಂಡಿತು. ಹೆಸರಾಂತ ಬರ್ಗರ್ ಕಂಪನಿಯೊಂದರ ಸೇಬಿನ ಕಡುಬಿನಲ್ಲಿ ಇರುವುದು ಸೇಬಲ್ಲ, ಸೀಮೆಬದನೆ ಎಂಬ ಗಾಳಿಸುದ್ದಿ ಆ ದೇಶದಲ್ಲಿ ಎಷ್ಟು ಅಲ್ಲಗಳೆದರೂ ಸಾಯಲೊಲ್ಲದು.

ಬೆಂಗಳೂರಿಗೆ ಅದನ್ನು ತಂದ ಕೀರ್ತಿ ಜಾನ್ ಕ್ಯಾಮರಾನ್ ಅವರದು. ಹೈದರಾಲಿ 1760ರಲ್ಲಿ ಹಾಕಿಸಿದ ತೋಟಕ್ಕೆ 1874ರಲ್ಲಿ ಕ್ಯೂನಿಂದ ಬಂದು, 1908ರವರೆಗೆ ಮೇಲ್ವಿಚಾರಕರಾಗಿದ್ದವರು. ಮೊದಲ ಕಾಯಿ ಬಂದ ಹಡಗನ್ನು ಈ ಬರಹಗಾರ ತನ್ನ ಮನಸ್ಸಿನಲ್ಲಿ ತಾನೇ ಕಟ್ಟಿಕೊಂಡಿದ್ದಾನೆ. ಸಾಹೇಬರು ಬರುವುದಕ್ಕೆ ಐದು ವರ್ಷ ಮೊದಲಷ್ಟೇ ಸೂಯೆಜ್ ಕಾಲುವೆ ತೆರೆದಿತ್ತು. ಕೆಂಪು ಸಮುದ್ರದ ಸೆಕೆ, ಉಗ್ರಾಣದಲ್ಲೊಂದು ಗೋಣಿಚೀಲ, ಅದರ ಕಣ್ಣುಗಳಿಂದ ಒಂದೊಂದೇ ಕುಡಿ ಹೊರಗೆ. ಬಂದರು ಸೇರುವ ಹೊತ್ತಿಗೆ ಬಳ್ಳಿ ಕಪ್ತಾನನ ಕೋಣೆಯ ಬಾಗಿಲಿಗೆ ತೋರಣ ಕಟ್ಟಿರುತ್ತದೆ. ಇತಿಹಾಸಕಾರರು ಒಪ್ಪಬೇಕೆಂದೇನೂ ಇಲ್ಲ.

ಕ್ಯಾಮರಾನ್ ಹೆಸರು ಹೇಳಿದರೆ ಎಲ್ಲರೂ ಗಾಜಿನ ಮನೆ ತೋರಿಸುತ್ತಾರೆ. ನಿಜ, ಅವರ ಕಾಲದ್ದೇ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟದ್ದು, ಗ್ಲಾಸ್ಗೊದ ಸ್ಯಾರಸೆನ್ ಎರಕಶಾಲೆಯಿಂದ ಕಬ್ಬಿಣದ ಕಂಬ ತರಿಸಿದ್ದು, ಎಲ್ಲವೂ ಸರಿ. ಆದರೆ ಬೆಂಗಳೂರಿನವರು ಗಾಜಿನ ಮನೆಯ ಹತ್ತಿರ ಸುಳಿಯುವುದು ಜನವರಿಗೊಮ್ಮೆ, ಆಗಸ್ಟಿಗೊಮ್ಮೆ, ಫಲಪುಷ್ಪ ಪ್ರದರ್ಶನಕ್ಕೆ. ಸೀಮೆಬದನೆ ವಾರಕ್ಕೊಮ್ಮೆಯಾದರೂ ಹುಳಿಯಲ್ಲಿ ತಾನೇ ಮನೆಗೆ ಬರುತ್ತದೆ. ಸಾಹೇಬರಿಗೆ ಪ್ರತಿಮೆ ಮಾಡಿಸುವ ಯೋಗ ಬಂದರೆ ಕೈಯಲ್ಲಿ ಒಂದು ಕಾಯಿ ಕೊಡಲೇಬೇಕು ಎಂದು ಈ ಬರಹಗಾರ ಬಲವಾಗಿ ನಂಬಿದ್ದಾನೆ. ಅವರ ನಂತರ ಬಂದ ಜರ್ಮನಿಯ ಕ್ರುಂಬಿಗಲ್ ಊರಿನ ಬೀದಿಗಳಿಗೆ ಹೂಮರ ಕೊಟ್ಟರು. ನೋಡಲು ಚೆಂದ, ಒಗ್ಗರಣೆಗೆ ಬಾರದು. ಆಮೇಲೆ ಜವರಾಯರು, ಮರಿಗೌಡರು. ಮರಿಗೌಡರ ಕಾಲದಲ್ಲಿ, 1959ರಲ್ಲಿ, ದ್ರಾಕ್ಷಿ ಬೆಳೆಗಾರರಿಗಾಗಿ ಶುರುವಾದ ಸಹಕಾರ ಸಂಘವೇ ಇವತ್ತಿನ ಹಾಪ್‌ಕಾಮ್ಸ್. ಬುಟ್ಟಿಯ ಹಿಂದಿನ ಕಾಯಿ ಬಂದದ್ದೂ ಬಹುಶಃ ಅದರ ಮಳಿಗೆಯಿಂದಲೇ. ಅಲ್ಲಿಗೆ ವಂಶಾವಳಿ ಪೂರ್ತಿಯಾಯಿತು.

ಬೆಂಗಳೂರಿಗೂ ಇದಕ್ಕೂ ಜಾತಕ ಕೂಡಿದ್ದು ಸುಮ್ಮನೆ ಅಲ್ಲ. ಈ ಬಳ್ಳಿಗೆ ಸುಡುವ ಬಿಸಿಲೂ ಆಗದು, ಹಿಮವೂ ಆಗದು. ಹಗಲು ಹನ್ನೆರಡು ಗಂಟೆಯ ಆಸುಪಾಸಿಗೆ ಇಳಿದಾಗಲೇ ಅದು ಹೂ ಬಿಡುವುದು. ಬೇಸಗೆಯ ಹಗಲು ಹದಿನೈದು ಹದಿನಾರು ಗಂಟೆ ಇರುವ ದೇಶಗಳಲ್ಲಿ ಎಲೆಯಷ್ಟೇ ಬೆಳೆದು, ಹೂವಿನ ಯೋಚನೆ ಬರುವಷ್ಟರಲ್ಲಿ ಹಿಮ ಬಿದ್ದು ಸಾಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮೂರಲ್ಲಿ ವರ್ಷದ ಅತಿ ಉದ್ದದ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ತಮಿಳರು, ತೆಲುಗರು ಈ ಕಾಯಿಯನ್ನು ಬೆಂಗಳೂರಿನ ಹೆಸರು ಹಿಡಿದೇ ಕರೆಯುತ್ತಾರೆ.

ಅಮ್ಮನ ಅಪ್ಪಣೆಯಂತೆ ಕಾಯಿ ತಾರಸಿ ಸೇರಿತು. ಬಣ್ಣದ ದೊಡ್ಡ ಡ್ರಮ್ಮಿಗೆ ತಳದಲ್ಲಿ ತೂತು, ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದಿಷ್ಟು ತೆಂಗಿನ ನಾರಿನ ಪುಡಿ. ಕಾಯಿಯನ್ನು ಓರೆಯಾಗಿ ಮಲಗಿಸಿ, ಕುಡಿ ಮೇಲಿರುವಂತೆ ಮುಕ್ಕಾಲು ಹೂತರೆ ಮುಗಿಯಿತು. ಒಂದು ಶುರುವಾದರೆ ಉಳಿದವೂ ಬರುತ್ತವೆ: ಒಡೆದ ಬಕೆಟ್ಟಿನಲ್ಲಿ ದಂಟು, ಎಣ್ಣೆ ಡಬ್ಬಿಯಲ್ಲಿ ಮೆಂತ್ಯ, ಕಟಕಟೆಯ ಉದ್ದಕ್ಕೂ ಬಸಳೆ. ಮುಂಗಾರು ಹಿಡಿದ ಮೇಲೆ ಮನೆಯ ಊಟ ತಾನಾಗಿಯೇ ಸರಳವಾಯಿತು. ಮೇಲೆ ಏನಿದೆಯೋ ಅದು. ದಂಟಿದ್ದರೆ ದಂಟಿನ ಹುಳಿ, ಮೆಂತ್ಯವಿದ್ದರೆ ಅನ್ನಕ್ಕೆ ಕಲಸಲು ಮೆಂತ್ಯದ ಗೊಜ್ಜು. ಏನಡುಗೆ ಎಂದು ಬೆಳಿಗ್ಗೆ ಎದ್ದು ಚರ್ಚಿಸುವ ಪದ್ಧತಿಯೇ ನಿಂತುಹೋಯಿತು.

ಸೀಮೆಬದನೆ ಮಾತ್ರ ಬರೀ ಬಳ್ಳಿ. ಮೊದಲು ಬಟ್ಟೆ ಒಣಹಾಕುವ ತಂತಿಯನ್ನು ವಶಪಡಿಸಿಕೊಂಡಿತು; ಮನೆಯಾಕೆಯ ಸೀರೆಗಳು ಒಳಗಿನ ಬಾಗಿಲಿಗೆ ಬಂದವು. ಆಷಾಢದ ಗಾಳಿಗೆ ಜಗ್ಗದೆ ನೀರಿನ ಟ್ಯಾಂಕು ಹತ್ತಿ, ಪಕ್ಕದ ಮನೆಯವರ ಡಿಶ್ ಆಂಟೆನಾ ಮುಟ್ಟಿತು. ಸಸ್ಯಹೇನು ಬಂದಾಗ ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಹೊಡೆದದ್ದಾಯಿತು. ಹೂವಿನ ಸುಳಿವಿಲ್ಲ. ಹಗಲು ಇಳಿಯುವವರೆಗೆ ಕಾಯಬೇಕಲ್ಲ!

ಕಾಯುವವರಿಗೆ ದಾರಿ ತೋರಿದ್ದು ಈಶಾನ್ಯದವರು. ಡಾರ್ಜಿಲಿಂಗ್ ಸೀಮೆಯಲ್ಲಿ ಈ ಬಳ್ಳಿಯ ಎಳೆಯ ಕುಡಿಯನ್ನು ಸೊಪ್ಪಿನಂತೆ, ಬೇರಿನ ಗೆಡ್ಡೆಯನ್ನು ಆಲೂಗಡ್ಡೆಯ ಬದಲು ತಿನ್ನುತ್ತಾರೆ. ಮಿಜೋರಾಂನ ಐಜ್ವಾಲ್ ಪಕ್ಕದ ಸಿಹ್‌ಫಿರ್ ಹಳ್ಳಿಯಲ್ಲಂತೂ ಬೆಟ್ಟದ ಇಳಿಜಾರಿನ ತುಂಬ ಇದರದ್ದೇ ಚಪ್ಪರ. ಕುಡಿ ಚಿವುಟಿದರೆ ಬಳ್ಳಿ ಕವಲೊಡೆಯುವುದೂ ಉಂಟು, ನಷ್ಟವಿಲ್ಲ. ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ ಒಗ್ಗರಣೆಗೆ ಕುಡಿ ಹೆಚ್ಚಿ ಹಾಕಿ, ಮೇಲೆ ಕಾಯಿತುರಿ ಉದುರಿಸಿದ ಪಲ್ಯ ಎಲೆಗೆ ಬಂದಾಗ ಅಮ್ಮ ಬೆರಳಲ್ಲಿ ಸರಿಸಿ ನೋಡಿದರು. "ಇದನ್ನ ದನಕ್ಕೆ ಹಾಕ್ತಿದ್ವಿ" ಎಂದರು. ಎರಡನೇ ಸಲ ಬಡಿಸಿಕೊಂಡ ಮೇಲೆ ಆ ವಿಷಯ ಮತ್ತೆ ಎತ್ತಲಿಲ್ಲ.

ನವರಾತ್ರಿ ಕಳೆದು ಗಂಡು ಹೂಗಳ ಗೊಂಚಲು ಕಂಡವು. ಅದೇ ಬಳ್ಳಿಯಲ್ಲಿ ಹೆಣ್ಣು ಹೂ ಒಂಟಿ, ಬೆನ್ನಿಗೆ ಕಡಲೆಯಷ್ಟು ಹಸಿರು ಕಾಯಿ. ನಡುವೆ ಓಡಾಟಕ್ಕೆ ಜೇನು. ಅಲ್ಲಿಂದ ಮುಂದೆ ನಡೆದದ್ದು ಬೆಳೆಯಲ್ಲ, ದಾಳಿ. ಚೆನ್ನಾಗಿ ಬಂದ ಬಳ್ಳಿ ನೂರು ಕಾಯಿ ದಾಟುವುದೂ ಉಂಟು. ಬೀದಿಯವರಿಗೆ ಹಂಚಿದ್ದಾಯಿತು. ಮೊದಲ ವಾರ "ಅಯ್ಯೋ, ಇಷ್ಟೊಂದು ಯಾಕೆ" ಎಂದವರು ಮೂರನೆಯ ವಾರ ಕಿಟಕಿಯಲ್ಲಿ ಇಣುಕಿ ನೋಡಿ ಟಿವಿಯ ದನಿ ತಗ್ಗಿಸತೊಡಗಿದರು. ಎದುರುಮನೆಯ ಐಟಿ ಹುಡುಗ ಒಬ್ಬನೇ ಆಸೆಪಟ್ಟವನು. ಲಾಲ್‌ಬಾಗಿನ ನರ್ಸರಿಯಲ್ಲಿ ಸೀಮೆಬದನೆ ಬೀಜದ ಪ್ಯಾಕೆಟ್ ಕೇಳಿ ನಗೆಗೀಡಾಗಿ ಬಂದಿದ್ದ. ಬಲಿತ ಕಾಯೊಂದನ್ನು ಕೈಗಿಟ್ಟು, "ಪ್ಯಾಕೆಟ್ ಇದೇನಪ್ಪ" ಎಂದದ್ದಾಯಿತು.

ಉಳಿದದ್ದನ್ನು ತಿನ್ನಬೇಕು. ಹೆಚ್ಚುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳಬೇಕು. ಇಲ್ಲವಾದರೆ ಅದರ ಅಂಟು ಬೆರಳ ಮೇಲೆ ಪೊರೆಯಾಗಿ ಒಣಗಿ ಸಂಜೆಯವರೆಗೆ ಬಿಡುವುದಿಲ್ಲ. ತಿರುಳು ಮಜ್ಜಿಗೆಹುಳಿಗೆ. ಸಿಪ್ಪೆ ಎಸೆಯುವವರು ಈ ಮನೆಯಲ್ಲಿ ಹುಟ್ಟಿಲ್ಲ: ಎಣ್ಣೆಯಲ್ಲಿ ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ ಹುರಿದು, ಅದೇ ಬಾಣಲೆಯಲ್ಲಿ ಸಿಪ್ಪೆ ಬಾಡಿಸಿ, ಹುಣಸೆಹಣ್ಣು, ತೆಂಗಿನತುರಿ, ಚೂರು ಬೆಲ್ಲ, ಉಪ್ಪು ಹಾಕಿ ತರಿತರಿಯಾಗಿ ರುಬ್ಬಿದರೆ ಚಟ್ನಿ. ಬಿಸಿ ಅನ್ನ, ಮೇಲೊಂದು ಚಮಚ ತುಪ್ಪ. ಒಂದು ಕಾಯಿಗೆ ಒಂದು ಹೊತ್ತಿನ ಊಟ ಮುಗಿಯಿತು. ಸಪ್ಪೆ ತರಕಾರಿ ಎಂದು ಇದನ್ನು ಮೂದಲಿಸುವವರು ತಿರುಳನ್ನಷ್ಟೇ ತಿಂದವರು.

ಕಾರ್ತಿಕದಲ್ಲಿ ಅಪ್ಪನ ತಿಥಿ. ಅಂಗಡಿಯಲ್ಲಿ ಕೊಂಡದ್ದಕ್ಕಿಂತ ಮನೆಯಲ್ಲಿ ಬೆಳೆದದ್ದು ಶ್ರೇಷ್ಠವಲ್ಲವೇ ಎಂಬ ಹುರುಪಿನಲ್ಲಿ ಬರಹಗಾರ ಬುಟ್ಟಿ ತುಂಬ ಎಳೆಗಾಯಿ ಕೊಯ್ದಿಟ್ಟಿದ್ದ. ಶಾಸ್ತ್ರಿಗಳು ಅಡುಗೆಮನೆಯ ಬಾಗಿಲಲ್ಲೇ ನಿಂತರು.

"ಬಾಳೆಕಾಯಿ ಇದೆಯಾ? ಗೋರಿಕಾಯಿ, ಹಾಗಲಕಾಯಿ ಇದೆಯಾ? ಸಾಕು. ಸೀಮೆದು ಬೇಡ."

"ನಮ್ಮ ತಾರಸೀದೇ ಶಾಸ್ತ್ರಿಗಳೇ. ಗೊಬ್ಬರ ಕೂಡ ಕೊಟ್ಟಿಗೇದು."

"ಬೆಳೆದದ್ದು ಇಲ್ಲಿ, ಸರಿ. ಮೂಲ?"

"ಬಂದು ನೂರು ವರ್ಷದ ಮೇಲಾಯ್ತಲ್ಲ!"

"ಪಿತೃಗಳಿಗೆ ನೂರು ವರ್ಷ ಯಾವ ಲೆಕ್ಕ ಸ್ವಾಮಿ?"

ಬರಹಗಾರ ಕೊನೆಯ ಅಸ್ತ್ರ ತೆಗೆದ. "ಹಾಗೆ ನೋಡಿದ್ರೆ ಮೆಣಸಿನಕಾಯೂ ಆ ಕಡೆಯಿಂದಲೇ ಬಂದದ್ದು."

"ಅದಕ್ಕೇ ಇವತ್ತು ಕಾಳುಮೆಣಸಿನ ಸಾರು" ಎಂದು ಶಾಸ್ತ್ರಿಗಳು ಕಾಲು ತೊಳೆಯಲು ಹೋದರು.

ಕ್ಯಾಮರಾನ್, ಕ್ಯೂ, ವಾರ್ಡ್ ಪೆಟ್ಟಿಗೆ ಯಾವುದೂ ನೆರವಿಗೆ ಬರಲಿಲ್ಲ. ಊಟವಾಯಿತು, ದಕ್ಷಿಣೆಯಾಯಿತು. ಚಪ್ಪಲಿ ಮೆಟ್ಟುತ್ತಾ ಶಾಸ್ತ್ರಿಗಳು ಮೂಲೆಯ ಬುಟ್ಟಿಯನ್ನು ಮತ್ತೊಮ್ಮೆ ನೋಡಿದರು.

"ನಮ್ಮನೇಲಿ ಸಿಪ್ಪೆ ಚಟ್ನಿ ಅಂದ್ರೆ ಎಲ್ಲರಿಗೂ ಇಷ್ಟ. ಎಳೇದು ಎರಡು ಇದ್ರೆ..."

ಇಂಥ ಅವಕಾಶ ಬಿಡುವವರುಂಟೆ? ಮನೆಯಾಕೆ ಬುಟ್ಟಿಯನ್ನು ಹಾಗೇ ಅವರ ಚೀಲಕ್ಕೆ ಬಗ್ಗಿಸಿದಳು. ಭಾರ ನೋಡಿ ಸ್ಕೂಟರಿನ ಕೊಕ್ಕೆಗೆ ಬೇಡವೆಂದು ಕಾಲಿನ ನಡುವೆ ಇಟ್ಟುಕೊಂಡು, ಕಿಕ್ ಹೊಡೆಯುವ ಮೊದಲು ಶಾಸ್ತ್ರಿಗಳು ತಿರುಗಿ ಎಚ್ಚರಿಸಿದರು.

"ಇದನ್ನ ದಾನದ ಲೆಕ್ಕಕ್ಕೆ ಮಾತ್ರ ಹಿಡೀಬೇಡಿ, ಆಯ್ತಾ?"